ಖಾಲಿ ಹಾಳೆ, ಹೆದರಿದ ಮಿದುಳು

1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೆನಿಸ್ ಅಪ್ಪರ್ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ಬರಹ ಮುಂದೆ ಸಾಗದ ‘ರೈಟರ್ಸ್ ಬ್ಲಾಕ್’ಗೆ ತಾವೇ ಚಿಕಿತ್ಸೆ ಮಾಡಿಕೊಳ್ಳಲು ಹೋಗಿ ಸೋತದ್ದು ಅದರ ವಿಷಯ. ಶೀರ್ಷಿಕೆಯ ಕೆಳಗೆ ಪ್ರಬಂಧವೇ ಇರಲಿಲ್ಲ, ಬರೀ ಖಾಲಿ ಜಾಗ! ನಿಂಬೆರಸ, ಎಕ್ಸ್-ರೇ ಎಲ್ಲ ಹಾಕಿ ನೋಡಿದರೂ ಒಂದು ದೋಷವೂ ಸಿಗಲಿಲ್ಲವೆಂದು ಪರಿಶೀಲಕರು ಷರಾ ಬರೆದರು.

ಬರೆಯಲಾಗದೆ ಒದ್ದಾಡುವವರಿಗೆ ಮಾತ್ರ ಇದು ತಮಾಷೆಯಲ್ಲ. 1940ರ ದಶಕದಲ್ಲಿ ಈ ತೊಂದರೆಗೆ ಹೆಸರಿಟ್ಟ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್ ಇದರ ಬೇರನ್ನು ಶೈಶವದಲ್ಲಿ, ತಾಯಿಯ ಹಾಲಿನ ಕೊರತೆಯ ಸಿಟ್ಟಿನಲ್ಲಿ ಹುಡುಕಿದರು. ಪಾಪ, ತಾಯಂದಿರು! ಆ ವಿವರಣೆಗೆ ಇಂದು ಚರಿತ್ರೆಯ ಬೆಲೆಯಷ್ಟೇ.

ಈಗ ತಿಳಿದಿರುವುದು ಬೇರೆ. ವಾಕ್ಯ ಕಟ್ಟುವಾಗ ಅದರ ತುದಿಬುಡ ಎರಡನ್ನೂ ನೆನಪಿನಲ್ಲಿ ಹಿಡಿದಿಡುವುದು ಹಣೆಯ ಹಿಂದಿನ ಮುಂಮಿದುಳಿನ ಕೆಲಸ. ಆತಂಕ ಹೆಚ್ಚಿದಾಗ ನಾರ್‌ಅಡ್ರಿನಲಿನ್, ಡೋಪಮೈನ್ ಎಂಬ ಮಿದುಳಿನ ರಾಸಾಯನಿಕಗಳು ಮಿತಿಮೀರಿ ಅಲ್ಲಿನ ನರಕೋಶಗಳ ಸಂಪರ್ಕ ಸಡಿಲಗೊಳ್ಳುತ್ತದೆ. ‘ಓದಿದವರು ಏನಂದಾರು’ ಎಂಬ ಅಂಜಿಕೆಯೇ ಇದಕ್ಕೆ ಸಾಕು. ಆಗ ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಹಾಯೆನಿಸುತ್ತದೆ. ಅಪಾಯ ಇರುವುದು ಆ ನಿರಾಳತೆಯಲ್ಲೇ: ತಪ್ಪಿಸಿಕೊಂಡರೆ ನೆಮ್ಮದಿ ಎಂಬ ಪಾಠವನ್ನು ಮಿದುಳು ಕಲಿತುಬಿಡುತ್ತದೆ. ಮರುದಿನ ಅದೇ ಕೆಲಸಕ್ಕೆ ಅಪರಾಧಿಭಾವವೂ ಜೊತೆಯಾಗುತ್ತದೆ.

ಹಾಗಾದರೆ ನಮ್ಮನ್ನು ನಾವೇ ಬೈದುಕೊಂಡು ದಾರಿಗೆ ಬರಬೇಕೆ? ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ 2010ರ ಅಧ್ಯಯನ ಉಲ್ಟಾ ಹೇಳುತ್ತದೆ. ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದವರಲ್ಲಿ, ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಭಾವಕ್ಕೆ ಹೆಸರಿಡುವುದೂ ನೆರವಾಗಬಹುದು. ನರವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡದ 2007ರ ಪ್ರಯೋಗದಲ್ಲಿ, ಮುಖದಲ್ಲಿ ಕಂಡ ಭಾವಕ್ಕೆ ಹೆಸರಿಟ್ಟಾಗ ಮಿದುಳಿನ ಭಯಕೇಂದ್ರವಾದ ಅಮಿಗ್ಡಲ ತಣ್ಣಗಾಯಿತು. ಹಾಗಾಗಿ ಕತೆಗೆ ಮೊದಲು ‘ನನಗೆ ನಾಚಿಕೆಯಾಗುತ್ತಿದೆ, ಸಂಪಾದಕರ ಭಯವಿದೆ’ ಎಂದು ನಾಲ್ಕು ಸಾಲು ಗೀಚಿ ನೋಡಬಹುದು.

ನಿಯಮಗಳೂ ಕಾಡುತ್ತವೆ. 1980ರಲ್ಲಿ ಬರವಣಿಗೆಯ ಸಂಶೋಧಕ ಮೈಕ್ ರೋಸ್ ಹತ್ತು ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪ್ಯಾರಾದಲ್ಲೇ ಓದುಗರನ್ನು ಹಿಡಿದಿಡಬೇಕು ಎಂಬಂಥ ಕಟ್ಟಳೆಗಳಿಗೆ ಅಂಟಿಕೊಂಡವರೇ ಸಿಕ್ಕಿಬಿದ್ದಿದ್ದರು. ಸುಲಭವಾಗಿ ಬರೆಯುತ್ತಿದ್ದವರಿಗೂ ನಿಯಮಗಳಿದ್ದವು, ಆದರೆ ಬೇಡವಾದಾಗ ಕೈಬಿಡುತ್ತಿದ್ದರು. ನಡುವಿನಿಂದ ಶುರುಮಾಡಿದರೆ ಯಾರೂ ದಂಡ ಹಾಕುವುದಿಲ್ಲ.

‘ಮೂಡ್ ಬರಲಿ’ ಎಂದು ಕಾಯುವುದನ್ನು ನಾನಂತೂ ಒಪ್ಪಲಾರೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಪ್ರಾಧ್ಯಾಪಕರ ಮೇಲೆ ನಡೆಸಿದ ಪ್ರಯೋಗದಲ್ಲಿ ಮನಸ್ಸಾದಾಗ ಮಾತ್ರ ಬರೆದವರಿಗಿಂತ, ನಿಗದಿತ ಹೊತ್ತಿಗೆ ಕಡ್ಡಾಯವಾಗಿ ಕೂತವರು ಹೆಚ್ಚು ಪುಟ ಬರೆದರು; ಅವರಿಗೆ ಹೊಸ ಹೊಳಹುಗಳೂ ಹೆಚ್ಚು ಬಂದವು.

ಆದರೆ ಬರಹದ ಜೊತೆ ನಿದ್ದೆ, ಹಸಿವು, ಜನರೊಂದಿಗಿನ ಮಾತೂ ಬೇಡವಾಗಿದ್ದರೆ ಅದು ಖಿನ್ನತೆ ಇರಬಹುದು. ವೇಳಾಪಟ್ಟಿ ಅದಕ್ಕೆ ಮದ್ದಲ್ಲ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ.