ಹಾರ್ಮೋನ್ ಚಿಕಿತ್ಸೆಯ ನಂತರ ಮುಟ್ಟು ತಡವಾದರೆ

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಮುಟ್ಟು ತಡವಾದ ಸಂಗತಿಯು ಬಹುಮಟ್ಟಿಗೆ ಒಬ್ಬಳ ಮನಸ್ಸಿನಲ್ಲಿಯೇ ಉಳಿದುಬಿಡುತ್ತದೆ. ಊರಿನಲ್ಲಾದರೆ ಕೇಳಲು ತಾಯಿ, ಅಕ್ಕ, ಅತ್ತಿಗೆಯರಿರುತ್ತಾರೆ. ಮುಂಬಯಿ, ಪುಣೆ, ದೆಹಲಿಗಳಂತಹ ಮಹಾನಗರಗಳಲ್ಲಿ ನೆಲೆಸಿದ ಅನೇಕ ಕನ್ನಡ ಗೃಹಿಣಿಯರಿಗೆ ಆ ಆಸರೆಯಿಲ್ಲ. ಪರಭಾಷೆಯಲ್ಲಿ ವೈದ್ಯರೊಡನೆ ಇಂತಹ ವಿಷಯವನ್ನು ಮಾತನಾಡುವುದೂ ಸುಲಭವಲ್ಲ. ಆದುದರಿಂದ ಹಾರ್ಮೋನ್ ಗುಳಿಗೆಗಳನ್ನು ಸೇವಿಸಿದ ಮೇಲೂ ಮುಟ್ಟು ಸಕಾಲಕ್ಕೆ ಬಾರದಿದ್ದರೆ ಏನು ಮಾಡಬೇಕೆಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಒಳ್ಳೆಯದು.

ಋತುಚಕ್ರದ ಅವಧಿ ಸಾಮಾನ್ಯವಾಗಿ 21ರಿಂದ 35 ದಿನಗಳು. ಮೊದಲ ಭಾಗದಲ್ಲಿ ಅಂಡಾಶಯದಿಂದ ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡವು ಬಿಡುಗಡೆಯಾದ ಬಳಿಕ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಆ ಪದರವನ್ನು ಹಿಡಿದಿಡುತ್ತದೆ. ಗರ್ಭ ನಿಲ್ಲದಿದ್ದರೆ ಈ ಹಾರ್ಮೋನುಗಳ ಪ್ರಮಾಣ ಕುಸಿದು, ಆಧಾರ ತಪ್ಪಿದ ಪದರವು ಕಳಚಿ ಹೊರಬರುತ್ತದೆ. ಇದೇ ಮುಟ್ಟು.

ವೈದ್ಯರು ಕೊಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್, ನಾರೆಥಿಸ್ಟರಾನ್ ಮೊದಲಾದ ಗುಳಿಗೆಗಳು ಪ್ರೊಜೆಸ್ಟರಾನಿನ ಕೆಲಸವನ್ನೇ ಮಾಡುತ್ತವೆ. ಮುಟ್ಟು ತಪ್ಪಿದವರಿಗೆ ಸಾಮಾನ್ಯವಾಗಿ 5ರಿಂದ 10 ದಿನ ಇವನ್ನು ಕೊಟ್ಟು ನಿಲ್ಲಿಸಲಾಗುತ್ತದೆ. ಮದುವೆ, ಪೂಜೆ, ತೀರ್ಥಯಾತ್ರೆಗಳ ನಿಮಿತ್ತ ಮುಟ್ಟನ್ನು ಮುಂದೂಡಲು ಅನೇಕರು ನುಂಗುವುದೂ ನಾರೆಥಿಸ್ಟರಾನನ್ನೇ. ಗುಳಿಗೆ ನಿಲ್ಲಿಸಿದ ಎರಡು ಮೂರು ದಿನಗಳಿಂದ ಒಂದು ವಾರದೊಳಗೆ ಸ್ರಾವವಾಗುವುದು ವಾಡಿಕೆ. ಕೆಲವರಿಗೆ ಇನ್ನೂ ಕೆಲವು ದಿನ ಹಿಡಿಯಬಹುದು. ಎರಡು ವಾರ ಕಳೆದರೂ ಬಾರದಿದ್ದರೆ ಕಾಯುತ್ತ ಕೂಡದೆ ವೈದ್ಯರನ್ನು ಮರಳಿ ಕಾಣತಕ್ಕದ್ದು.

ಮೊದಲು ಆಗಬೇಕಾದುದು ಗರ್ಭಪರೀಕ್ಷೆ. ಮುಟ್ಟನ್ನು ಮುಂದೂಡುವ ಗುಳಿಗೆಗಳನ್ನು ಗರ್ಭನಿರೋಧಕವೆಂದು ನಂಬಲಾಗದು. ಔಷಧಿ ಅಂಗಡಿಯಲ್ಲಿ ದೊರೆಯುವ ಪಟ್ಟಿಯಿಂದ ಮನೆಯಲ್ಲಿಯೇ ಮೂತ್ರಪರೀಕ್ಷೆ ಮಾಡಿಕೊಳ್ಳಬಹುದು. ಗರ್ಭವಿಲ್ಲವೆಂದು ತೋರಿದರೂ ಮುಟ್ಟು ಬಾರದಿದ್ದರೆ ಒಂದು ವಾರದ ಬಳಿಕ ಪುನಃ ಪರೀಕ್ಷಿಸಬೇಕು.

ಗರ್ಭವಿಲ್ಲದಿದ್ದರೆ, ಬಾರದ ಮುಟ್ಟೂ ವೈದ್ಯರಿಗೆ ಒಂದು ಸುಳಿವೇ. ಈಸ್ಟ್ರೋಜನ್ನಿನ ಕೊರತೆಯಿಂದ ಕಳಚಲು ಪದರವೇ ಬೆಳೆದಿರಲಾರದು. ಅತಿಯಾಗಿ ತೂಕ ಇಳಿಯುವುದು, ತೀವ್ರ ಮಾನಸಿಕ ಒತ್ತಡ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಹೆಚ್ಚಳ, 40 ವರ್ಷಕ್ಕೆ ಮೊದಲೇ ಅಂಡಾಶಯಗಳು ಸೋಲುವುದು ಇದಕ್ಕೆ ಕಾರಣವಾಗಬಹುದು. ಕ್ಷಯರೋಗವು ಗರ್ಭಕೋಶಕ್ಕೂ ತಗಲಿ ಒಳಪದರವನ್ನು ನಾಶಮಾಡಬಲ್ಲುದು. ಈ ಕಾರಣಗಳನ್ನು ಪತ್ತೆಮಾಡಲು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮುಂತಾದುವು ಬೇಕಾಗುತ್ತವೆ. ಹಳೆಯ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ ಅದೇ ಗುಳಿಗೆಯನ್ನು ಮತ್ತೆ ನುಂಗಿದರೆ ಮೂಲಕಾರಣವು ಹಾಗೆಯೇ ಉಳಿದು, ಅಮೂಲ್ಯವಾದ ಕಾಲವು ವ್ಯರ್ಥವಾಗುತ್ತದೆ.

ಇನ್ನು, ಗುಳಿಗೆಯಿಂದ ಒಮ್ಮೆ ಮುಟ್ಟು ಬಂದ ಮಾತ್ರಕ್ಕೆ ದೋಷವು ಪರಿಹಾರವಾಯಿತೆಂದಲ್ಲ. ಪಾಲಿಸಿಸ್ಟಿಕ್ ಓವರಿ ತೊಂದರೆಯಿರುವವರಿಗೆ ಮುಂದಿನ ತಿಂಗಳು ಮತ್ತೆ ತಪ್ಪಬಹುದು. ಹಲವು ತಿಂಗಳು ಕಳಚದೆ ದಪ್ಪವಾಗುತ್ತ ಹೋಗುವ ಪದರದಲ್ಲಿ ಕಾಲಾಂತರದಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ.

ಎಲ್ಲ ವಿಳಂಬವೂ ರೋಗವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಭಾರತ ಸರ್ಕಾರವು 2017ರಲ್ಲಿ 'ಅಂತರಾ' ಎಂಬ ಹೆಸರಿನಲ್ಲಿ ಆರಂಭಿಸಿದ, ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಚುಚ್ಚುಮದ್ದನ್ನು ನಿಲ್ಲಿಸಿದ ಮೇಲೆ ಮುಟ್ಟು ಕ್ರಮಕ್ಕೆ ಬರಲು ಹಲವು ತಿಂಗಳು ಹಿಡಿಯಬಹುದು. ತುರ್ತು ಗರ್ಭನಿರೋಧಕ ಗುಳಿಗೆಯೂ ಮುಟ್ಟನ್ನು ಕೆಲವು ದಿನ ತಡಮಾಡಬಹುದು. ಒಂದು ವಾರ ಮೀರಿದರೆ ಗರ್ಭಪರೀಕ್ಷೆ ಅವಶ್ಯ.

ಆದರೆ ಮುಟ್ಟು ತಡವಾಗಿರುವಾಗ ಕೆಳಹೊಟ್ಟೆಯಲ್ಲಿ ತೀವ್ರವಾದ ನೋವು ಅಥವಾ ತಲೆಸುತ್ತಿ ಬೀಳುವುದು ಕಂಡರೆ ತತ್‌ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು; ಗರ್ಭವು ಗರ್ಭಕೋಶದ ಹೊರಗೆ ನಿಂತಿರುವ ಸಂಭವವುಂಟು. ಗುಳಿಗೆ ಸೇವಿಸುತ್ತಿರುವಾಗ ಒಂದು ಕಾಲು ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು ರಕ್ತ ಹೆಪ್ಪುಗಟ್ಟಿದುದರ ಸೂಚನೆಯಾಗಿರಬಹುದು. ಸ್ತನಗಳಿಂದ ಹಾಲಿನಂತಹ ಸ್ರಾವ, ದೃಷ್ಟಿ ಮಂಜಾಗುವಿಕೆಗಳನ್ನೂ ವೈದ್ಯರಿಂದ ಮರೆಮಾಚಬಾರದು.

ನಗರವಾಸಿಗಳಿಗೆ ಇನ್ನೊಂದು ತೊಡಕುಂಟು. ರಜೆಯಲ್ಲಿ ಧಾರವಾಡಕ್ಕೋ ಉಡುಪಿಗೋ ಹೋದಾಗ ಚಿಕಿತ್ಸೆ ಆರಂಭವಾಗುತ್ತದೆ. ಹಿಂದಿರುಗುವಾಗ ಚೀಟಿಯು ಅಲ್ಲಿಯೇ ಉಳಿಯುತ್ತದೆ. ಕಳೆದ ಮುಟ್ಟು ಆರಂಭವಾದ ದಿನಾಂಕ, ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಮೊದಲ ಮತ್ತು ಕಡೆಯ ಗುಳಿಗೆ ನುಂಗಿದ ದಿನಗಳು, ಇಷ್ಟನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು, ಹಳೆಯ ಚೀಟಿಗಳೊಡನೆ ಕೊಂಡೊಯ್ದರೆ ಹೊಸ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ. ಮರಾಠಿಯೋ ಹಿಂದಿಯೋ ಬಾರದಿದ್ದರೂ ದಿನಾಂಕವೂ ಔಷಧಿಯ ಹೆಸರೂ ಎಲ್ಲ ಭಾಷೆಗೂ ಒಂದೇ. ಉಳಿದುದನ್ನು ಜೊತೆಯಲ್ಲಿ ಹೋದ ಪತಿಯೋ ನೆರೆಮನೆಯ ಗೆಳತಿಯೋ ತಿಳಿಸಿಹೇಳಬಹುದು. ಆ ಒಂದು ಗಂಟೆಯ ಬಿಡುವನ್ನು ಮಾಡಿಕೊಡುವುದು ಮನೆಯವರ ಕರ್ತವ್ಯ.