ಬಳ್ಳಾರಿಯ ರಾಘವಾಚಾರ್ಯರು: ಗಡಿನಾಡಿನ ನಟರಿಗೊಂದು ಮೇಲ್ಪಂಕ್ತಿ

ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪದತ್ತ ಸಾಗುವ ರೈಲುದಾರಿಯು ಕೋಲಾರದ ಚಿನ್ನದ ಗಣಿಗಳಿಗೆ ಯಂತ್ರಗಳನ್ನೂ ಕಲ್ಲಿದ್ದಲನ್ನೂ ತಂದೊದಗಿಸಿದ ಕಾಲದಲ್ಲಿ, ಅದರೊಡನೆಯೇ ತಮಿಳು, ತೆಲುಗು, ಕನ್ನಡಗಳನ್ನಾಡುವ ಸಹಸ್ರಾರು ಜನರು ಬಂದು ಅಲ್ಲಿ ನೆಲಸಿದರು. ಅವರ ಬೆನ್ನಿಗೇ ಅವರವರ ಹಾಡು, ಹರಿಕಥೆ, ತೆರುಕ್ಕೂತ್ತು, ನಾಟಕಗಳೂ ಬಂದು ನೆಲಸಿದುವು. ಚಾಂಪಿಯನ್ ರೀಫಿನಂತಹ ಗಣಿಗಳು ನೆಲದಡಿಗೆ ಮೂರು ಕಿಲೋಮೀಟರುಗಳನ್ನೂ ಮೀರಿ ಇಳಿದಿದ್ದುವೆಂಬುದನ್ನು ಲೋಕವೆಲ್ಲ ಬಲ್ಲುದು. ಪಾಳಿಯ ದುಡಿಮೆ ಮುಗಿಸಿ ಮೇಲೇರಿ ಬಂದವನು ಮೈತೊಳೆದು, ಹಾರ್ಮೋನಿಯಂ ಮೇಷ್ಟರ ಮುಂದೆ ತಾಲೀಮಿಗೆ ಕುಳಿತು, ಹಬ್ಬದ ರಾತ್ರಿ ದುರ್ಯೋಧನನಾಗಿಯೋ ಹರಿಶ್ಚಂದ್ರನಾಗಿಯೋ ರಂಗವೇರುತ್ತಿದ್ದ ಸಂಗತಿಯನ್ನು ಬಲ್ಲವರು ವಿರಳ. ತೆಲುಗಿನ ಪದ್ಯಕ್ಕೂ ಕನ್ನಡದ ಮಾತಿಗೂ ಒಂದೇ ಬಗೆಯಲ್ಲಿ ತಲೆದೂಗುವ ಈ ಸೀಮೆಯ ಪ್ರೇಕ್ಷಕರ ಮುಂದೆ ಹಾಗೆ ನಿಂತ ನಟನಿಗೆ ಅಂದಿನ ವೇಷವೇ ಸಂಭಾವನೆ, ಜನರ ಮೆಚ್ಚುಗೆಯೇ ಬಿರುದು.

ಹೊಟ್ಟೆಪಾಡಿಗೆ ಬೇರೊಂದು ಕಸುಬನ್ನು ನೆಚ್ಚಿ, ಜೀವವನ್ನು ರಂಗಭೂಮಿಗೆ ಮೀಸಲಾಗಿರಿಸಿದ ಇಂತಹ ನಟರ ಕುಲಕ್ಕೆ ಹಿರಿಯರೆಂದು ಎಣಿಸತಕ್ಕ ಮಹನೀಯರು ಬಳ್ಳಾರಿ ರಾಘವರು. ಬಳ್ಳಾರಿಯೂ ಕೋಲಾರದಂತೆಯೇ ಎರಡು ನುಡಿಗಳ ಸಂಗಮಭೂಮಿ. ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ತಾಡಪತ್ರಿಯಲ್ಲಿ 1880ರ ಆಗಸ್ಟ್ 2ರಂದು ಜನಿಸಿದ ಅವರ ಪೂರ್ಣ ನಾಮಧೇಯ ತಾಡಪತ್ರಿ ರಾಘವಾಚಾರ್ಯ. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಬಳ್ಳಾರಿಯಲ್ಲಿ ಸರಸವಿನೋದಿನೀ ಸಭೆಯನ್ನು ಕಟ್ಟಿ, ತೆಲುಗು ನಾಟಕಕ್ಕೆ ಪಿತಾಮಹರೆನಿಸಿಕೊಂಡವರು. ಅದೇ ಊರಿನ ಮತ್ತೊಬ್ಬ ನಾಟಕಕಾರರಾದ ಕೋಲಾಚಲಂ ಶ್ರೀನಿವಾಸರಾಯರು ಚಾರಿತ್ರಿಕ ನಾಟಕಗಳಿಗೆ ಹೆಸರಾದವರು. ಈ ಇಬ್ಬರು ಹಿರಿಯರೂ ವಕೀಲಿ ವೃತ್ತಿಯವರೆಂಬುದು ಗಮನಾರ್ಹ. ಹಗಲಿನಲ್ಲಿ ನ್ಯಾಯಾಲಯ, ಇರುಳಿನಲ್ಲಿ ನಾಟಕಶಾಲೆ ಎಂಬ ಬಾಳಿನ ಕ್ರಮವನ್ನು ಬಾಲಕ ರಾಘವನು ಮನೆಯಂಗಳದಲ್ಲಿಯೇ ಕಂಡು ಬೆಳೆದನು.

ಮದರಾಸಿನಲ್ಲಿ ವಿದ್ಯಾಭ್ಯಾಸವನ್ನು ಪೂರೈಸಿ, 1905ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದು ಬಳ್ಳಾರಿಗೆ ಹಿಂದಿರುಗಿದ ರಾಘವರು, ಕ್ರಿಮಿನಲ್ ಮೊಕದ್ದಮೆಗಳಲ್ಲಿ ನಿಪುಣರೆಂದು ಪ್ರಸಿದ್ಧರಾಗಿ ಸರ್ಕಾರಿ ಅಭಿಯೋಜಕರ ಹುದ್ದೆಗೂ ಏರಿದರು. ನಾಟಕದಿಂದ ಬದುಕಬೇಕಾದ ಅಗತ್ಯ ಅವರಿಗಿರಲಿಲ್ಲ. ಆದುದರಿಂದಲೇ ನಾಟಕವು ತಮ್ಮಿಂದ ಏನನ್ನು ಬೇಡುತ್ತಿದೆಯೆಂಬುದನ್ನು ಅವರು ನಿರ್ಭಯವಾಗಿ ವಿಚಾರಿಸಬಲ್ಲವರಾದರು. ಗಲ್ಲಾಪೆಟ್ಟಿಗೆಯ ಒತ್ತಾಯವಿಲ್ಲದ ನಟನಿಗೆ ದೊರಕುವ ಈ ಸ್ವಾತಂತ್ರ್ಯವನ್ನು ಅವರು ವಿಲಾಸಕ್ಕೆ ಬಳಸಲಿಲ್ಲ, ಸಾಧನೆಗೆ ವಿನಿಯೋಗಿಸಿದರು.

ಆ ಕಾಲದ ರಂಗಭೂಮಿಯಲ್ಲಿ ಸಂಗೀತದ್ದೇ ಸಾರ್ವಭೌಮತ್ವ. ಸಾಯುತ್ತ ಬಿದ್ದಿರುವ ಪಾತ್ರವೂ ‘ವನ್ಸ್ ಮೋರ್’ ಎಂಬ ಕೂಗಿಗೆ ಎದ್ದು ಕುಳಿತು, ಅದೇ ಪದ್ಯವನ್ನು ಅದೇ ರಾಗದಲ್ಲಿ ಮತ್ತೊಮ್ಮೆ ಹಾಡಿ ಮರಳಿ ಪ್ರಾಣ ಬಿಡುವುದು ಆಭಾಸವೆಂದು ಯಾರಿಗೂ ತೋರುತ್ತಿರಲಿಲ್ಲ. ರಾಘವರು ಈ ಪ್ರವಾಹಕ್ಕೆ ಇದಿರಾಗಿ ನಿಂತರು. ಮಾತು ಭಾವದಿಂದ ಹುಟ್ಟಬೇಕು, ಭಾವವು ಪಾತ್ರದ ಮನಸ್ಸಿನಿಂದ ಹುಟ್ಟಬೇಕು, ರಾಗಾಲಾಪನೆಯು ಇವೆರಡಕ್ಕೂ ಅಡ್ಡ ಬರಲಾಗದು ಎಂಬುದು ಅವರ ಸಿದ್ಧಾಂತವಾಗಿದ್ದಿತು. ಕೋಲಾಚಲಂ ಅವರು ವಿಜಯನಗರದ ಪತನವನ್ನು ಕುರಿತು ಬರೆದ ನಾಟಕದಲ್ಲಿ ಪಠಾಣ ರುಸ್ತುಮನಾಗಿ, ಪ್ರಹ್ಲಾದನ ಕಥೆಯಲ್ಲಿ ಹಿರಣ್ಯಕಶಿಪುವಾಗಿ, ಷೇಕ್ಸ್‌ಪಿಯರನ ಒಥೆಲೋ ಹಾಗೂ ಷೈಲಾಕರಾಗಿ ಅವರು ರಂಗದ ಮೇಲೆ ನಿಂತಾಗ, ಹಾಡಿನ ನೆರವಿಲ್ಲದೆಯೂ ಸಭೆಯನ್ನು ಹಿಡಿದಿಡಬಲ್ಲ ಕಲೆಯೊಂದು ಉಂಟೆಂಬುದು ದಕ್ಷಿಣದೇಶದ ಪ್ರೇಕ್ಷಕರಿಗೆ ಮನದಟ್ಟಾಯಿತು. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷುಗಳೆಂಬ ನಾಲ್ಕು ನುಡಿಗಳಲ್ಲಿ ಅಭಿನಯಿಸಿದ ಅವರಿಗೆ ಭಾಷೆಯು ಎಂದೂ ಗೋಡೆಯಾಗಲಿಲ್ಲ.

ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂಬ ಅವರ ನಿಲುವು ಇನ್ನೂ ಹೆಚ್ಚಿನ ಧೈರ್ಯವನ್ನು ಬೇಡಿತು. ವೃತ್ತಿನಾಟಕಗಳ ನಟಿಯರನ್ನೇ ಕೀಳಾಗಿ ಕಾಣುತ್ತಿದ್ದ ಸಮಾಜದಲ್ಲಿ, ವಿದ್ಯಾವಂತ ಕುಟುಂಬದ ಮಹಿಳೆಯರನ್ನು ಹವ್ಯಾಸಿ ರಂಗಕ್ಕೆ ಕರೆತರುವುದು ಸುಲಭವಾಗಿರಲಿಲ್ಲ. ಪಿ. ವಿ. ರಾಜಮನ್ನಾರ್ ಅವರು ರಚಿಸಿದ ‘ತಪ್ಪೆವರಿದಿ’ ಎಂಬ ಸಾಮಾಜಿಕ ನಾಟಕವನ್ನು ರಾಘವರು ಆಡಿದಾಗ ಕೊಮ್ಮೂರಿ ಪದ್ಮಾವತೀದೇವಿಯವರು ಅವರೊಡನೆ ಅಭಿನಯಿಸಿದರು. ಆ ರಾಜಮನ್ನಾರರೇ ಮುಂದೆ ಮದರಾಸಿನ ಮುಖ್ಯ ನ್ಯಾಯಾಧೀಶರೂ, ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಥಮ ಅಧ್ಯಕ್ಷರೂ ಆದರು.

ಕೋಲಾರದ ನೆಲಕ್ಕೂ ರಾಘವರ ಕೀರ್ತಿಗೂ ನಡುವೆ 1927ರ ಒಂದು ಪ್ರಸಂಗವು ನಂಟನ್ನು ಬೆಸೆಯುತ್ತದೆ. ಅನಾರೋಗ್ಯದಿಂದ ಬಳಲಿದ್ದ ಮಹಾತ್ಮಾ ಗಾಂಧಿಯವರು ಆ ವರ್ಷದ ಬೇಸಗೆಯನ್ನು, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ನಂದಿಬೆಟ್ಟದಲ್ಲಿ ಕಳೆದು ಚೇತರಿಸಿಕೊಂಡು ಬೆಂಗಳೂರಿಗೆ ಇಳಿದು ಬಂದರು. ಅಲ್ಲಿ ಅವರು ರಾಘವರು ಅಭಿನಯಿಸಿದ ‘ದೀನಬಂಧು ಕಬೀರ್’ ಎಂಬ ಹಿಂದಿ ನಾಟಕವನ್ನು ನೋಡಿ ಮೆಚ್ಚಿದರು. ನೇಯ್ಗೆಯ ಕಸುಬನ್ನು ಬಿಡದೆ ಭಕ್ತಿಯ ಶಿಖರವನ್ನೇರಿದ ಕಬೀರನನ್ನು, ವಕೀಲಿಯನ್ನು ಬಿಡದೆ ಕಲೆಯ ಶಿಖರವನ್ನೇರಿದ ನಟನು ಅಭಿನಯಿಸಿದುದು ಎಷ್ಟು ಸಮಂಜಸ! ಆ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರಂಗಭೂಮಿಯನ್ನೂ ಕಂಡು ಬಂದ ರಾಘವರು, ಚಲನಚಿತ್ರಗಳಲ್ಲಿಯೂ ನಟಿಸಿದರು. ಜಮೀನ್ದಾರಿಯ ಅನ್ಯಾಯವನ್ನು ಬಯಲಿಗೆಳೆದ 1939ರ ‘ರೈತುಬಿಡ್ಡ’ ಅವುಗಳಲ್ಲಿ ಮುಖ್ಯವಾದುದು. ಆದರೆ ಅವರ ಮನಸ್ಸು ನೆಲೆನಿಂತದ್ದು ರಂಗದ ಮೇಲೆಯೇ.

1946ರ ಏಪ್ರಿಲ್ 16ರಂದು ರಾಘವರು ಕಾಲವಶರಾದರು. ಅದೇ ವರ್ಷದ ನವೆಂಬರಿನಲ್ಲಿ ಕನ್ನಡದ ನಾಟಕಕಾರರಾದ ಟಿ. ಪಿ. ಕೈಲಾಸಂ ಅವರೂ ಅಗಲಿದರು. ಭೂಗರ್ಭಶಾಸ್ತ್ರವನ್ನು ಲಂಡನ್ನಿನಲ್ಲಿ ಕಲಿತು ಬಂದ ಕೈಲಾಸಂ ಸರ್ಕಾರದ ನೌಕರಿಯನ್ನು ತೊರೆದು ನಾಟಕವನ್ನು ವರಿಸಿದರು. ರಾಘವರು ನೌಕರಿಯ ಹೊರೆಯನ್ನು ಹೊತ್ತುಕೊಂಡೇ ನಾಟಕವನ್ನು ಆರಾಧಿಸಿದರು. ಹಾದಿಗಳು ಎರಡಾದರೂ ನಿಷ್ಠೆಯು ಒಂದೇ. ಇಂದು ಬಳ್ಳಾರಿಯಲ್ಲಿ ರಾಘವ ಕಲಾಮಂದಿರವು ಅವರ ನಾಮವನ್ನು ಧರಿಸಿ ನಿಂತಿದೆ.

ಗಣಿಯ ಊರಿನ ನಟರಿಗೆ ಅಂತಹ ಮಂದಿರಗಳು ಏಳಲಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದ ಮೇಲೆ ಮನೆಮಂದಿ ಕೆಲಸವನ್ನರಸಿ ಬೆಂಗಳೂರಿನ ರೈಲು ಹತ್ತಿದರು. ತಾಲೀಮಿಗೆ ಕೂಡುತ್ತಿದ್ದ ಗೆಳೆಯರ ಗುಂಪು ಚದುರಿತು. ರಾಘವರಿಗೆ ವಿದ್ಯೆಯ ಬಲ, ವಂಶದ ಬಲ, ಪದವಿಯ ಬಲಗಳೆಲ್ಲವೂ ಇದ್ದುವು. ಗಣಿಕಾರ್ಮಿಕನಾದ ನಟನಿಗೆ ಇದ್ದುದು ನಿಷ್ಠೆಯೊಂದೇ. ರಾಘವರನ್ನು ಪೂಜಿಸಿ ಅವನನ್ನು ಮರೆಯುವುದು ರಾಘವರಿಗೇ ಸಲ್ಲದ ಗೌರವ. ಆದುದರಿಂದ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳ ಹಾಗೂ ಸುತ್ತಣ ಹಳ್ಳಿಗಳ ವಾಚಕರಲ್ಲಿ ಒಂದು ವಿಜ್ಞಾಪನೆ: ನಿಮ್ಮ ಮನೆಯ ಹಿರಿಯರು ಯಾವ ನಾಟಕದಲ್ಲಿ ಯಾವ ಪಾತ್ರವನ್ನು ವಹಿಸಿದರು, ಯಾವ ಮೇಷ್ಟರಲ್ಲಿ ಕಲಿತರು, ಯಾವ ವರ್ಷ ಎಲ್ಲಿ ಆಡಿದರು ಎಂಬುದನ್ನು ಕೇಳಿ ಬರೆದಿಡಿರಿ, ಪೆಟ್ಟಿಗೆಯ ತಳದಲ್ಲಿರುವ ಕರಪತ್ರವನ್ನೂ ಭಾವಚಿತ್ರವನ್ನೂ ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿಯಾಗಿ ಒಪ್ಪಿಸಿರಿ. ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕಾರ್ಯವು ಆಗಬೇಕು.