ಗುಮ್ಮಟ ಕಳಚಿತು, ‘ನೇತ್ರ’ ತೆರೆಯಿತು

ನೆಲದ ಮೇಲೆ ನಿಂತರೆ ಎದುರಿನ ತೋಟದ ಬೇಲಿಯಷ್ಟೇ ಕಾಣುತ್ತದೆ. ತೆಂಗಿನ ಮರ ಹತ್ತಿದರೆ ಪಕ್ಕದೂರಿನ ಕೆರೆಯೂ ಕಾಣುತ್ತದೆ. ರಾಡಾರ್‌ನದ್ದೂ ಇದೇ ಕಥೆ. ಅದರ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯೋ ಗುಂಡಗಿದೆ. ಹಾಗಾಗಿ 100 ಮೀಟರ್ ಎತ್ತರದಲ್ಲಿ ನುಗ್ಗಿಬರುವ ಶತ್ರು ವಿಮಾನ ನೆಲದ ರಾಡಾರ್‌ಗೆ ಕಾಣುವುದು ಸುಮಾರು 50 ಕಿ.ಮೀ. ಹತ್ತಿರ ಬಂದ ಮೇಲೆಯೇ. ಜೆಟ್ ವಿಮಾನಕ್ಕೆ ಅದು ನಾಲ್ಕೇ ನಿಮಿಷದ ದಾರಿ!

ಅದಕ್ಕೇ ರಾಡಾರನ್ನು ವಿಮಾನದ ಬೆನ್ನ ಮೇಲೆ ಹೊರಿಸಿ ಆಕಾಶಕ್ಕೆ ಕಳುಹಿಸುತ್ತಾರೆ. ಒಳಗೆ ಕುಳಿತ ಸಿಬ್ಬಂದಿ ನೂರಾರು ಕಿ.ಮೀ. ದೂರದ ವಿಮಾನಗಳನ್ನು ಪರದೆಯ ಮೇಲೆ ನೋಡುತ್ತಾ, ನಮ್ಮ ಯುದ್ಧ ವಿಮಾನಗಳ ಪೈಲಟ್‌ಗಳಿಗೆ ದಾರಿ ಹೇಳುತ್ತಾರೆ.

ಇಂಥದ್ದೊಂದನ್ನು ನಾವೇ ಮಾಡಬೇಕೆಂದು ಬೆಂಗಳೂರಿನಲ್ಲಿ ಡಿಆರ್‌ಡಿಒ ವಿಜ್ಞಾನಿಗಳು ಆವ್ರೊ ವಿಮಾನದ ಮೇಲೆ ತಿರುಗುವ ಗುಮ್ಮಟ ಕೂರಿಸಿ ಪರೀಕ್ಷಿಸುತ್ತಿದ್ದರು. 1999ರ ಜನವರಿ 11ರಂದು ತಮಿಳುನಾಡಿನ ಅರಕ್ಕೋಣಂ ಬಳಿ ಹಾರುತ್ತಿದ್ದಾಗ ಆ ಗುಮ್ಮಟ ಕಳಚಿಕೊಂಡಿತು. ವಿಮಾನ ಉರುಳಿತು. ಅದರಲ್ಲಿದ್ದ ವಿಜ್ಞಾನಿಗಳು, ವಾಯುಪಡೆಯ ಸಿಬ್ಬಂದಿ ಸೇರಿ ಎಂಟೂ ಮಂದಿ ತೀರಿಕೊಂಡರು. ಯೋಜನೆಯೂ ಅಲ್ಲಿಗೇ ನಿಂತಿತು.

2004ರಲ್ಲಿ ಹೊಸ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಈ ಬಾರಿ ಬ್ರೆಜಿಲ್‌ನ ಎಂಬ್ರೇಯರ್ ಜೆಟ್. ತಿರುಗುವ ಗುಮ್ಮಟದ ಬದಲು ಬೆನ್ನ ಮೇಲೆ ಹಲಗೆಯಂಥ ಉದ್ದನೆಯ ಆ್ಯಂಟೆನಾ. ಅದು ಅಲುಗಾಡುವುದಿಲ್ಲ. ಅಲೆಯ ದಿಕ್ಕನ್ನು ಎಲೆಕ್ಟ್ರಾನಿಕ್ಸ್ ಬದಲಿಸುತ್ತದೆ. ಎಡಕ್ಕೆ 120, ಬಲಕ್ಕೆ 120 ಡಿಗ್ರಿ ಕಾಣುತ್ತದೆ. ಮೂಗಿನ ಮುಂದೆ, ಬಾಲದ ಹಿಂದೆ ಮಾತ್ರ ಕಾಣದು. ಅದೇ ‘ನೇತ್ರ’. 2017ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದು ವಾಯುಪಡೆಯ ಕೈ ಸೇರಿತು. ಆ ದುರಂತವಾಗಿ ಆಗ ಹದಿನೆಂಟು ವರ್ಷ ಕಳೆದಿತ್ತು.

ಬ್ಯಾಕ್‌ಲಾಗ್ ಉಳಿದರೆ, ಸಂದರ್ಶನದಲ್ಲಿ ಫೇಲಾದರೆ ನಾವು ಕುಸಿದುಬಿಡುತ್ತೇವೆ. ಸಹೋದ್ಯೋಗಿಗಳನ್ನೇ ಕಳೆದುಕೊಂಡವರ ನೋವಿನ ಮುಂದೆ ಇವು ಏನೇನೂ ಅಲ್ಲ. ಅವರು ಕೆಲಸಕ್ಕೆ ಮರಳಿದರು. ಆದರೆ ಹಳೆಯ ನಕ್ಷೆ ಹಿಡಿದಲ್ಲ, ಹೊಸದನ್ನು ಬರೆದು. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್ ಓದುತ್ತಿರುವ ಗೆಳೆಯರೇ, ಗೇಟ್ ಅಂಕಗಳ ಮೂಲಕ ಡಿಆರ್‌ಡಿಒ ಬಾಗಿಲು ನಮಗೂ ತೆರೆದಿದೆ. ಮುಂದಿನ ನಕ್ಷೆ ನಮ್ಮದೇ ಆಗಬಾರದೇಕೆ?